ಬಂಡೆಯ ಜ್ವರ

ಬಾದಾಮಿಯ ಬಂಡೆಗಳಿಗೆ ಜ್ವರ ಬರತೊಡಗಿ ಒಂಬತ್ತು ವರ್ಷವಾಗಿತ್ತು. ಹತ್ತುವವರು ಹೆಚ್ಚಾದಷ್ಟೂ ಜ್ವರ ಏರುತ್ತಿತ್ತು. ದಿನಾ ಬೆಳಿಗ್ಗೆ ಬಂಡೆಯ ಮೈ ಮುಟ್ಟಿ ನೋಡಿ, ಹತ್ತಲು ಬಿಡಬೇಕೋ ಬೇಡವೋ ಎಂದು ಹೇಳುವುದು ಕಸ್ತೂರೆವ್ವನ ಕೆಲಸ. ಇವತ್ತು ಅಂಗೈ ಚುರ್ರೆಂದಿತು. ಮೇಲಿನ ಬಿರುಕಿನಲ್ಲಿ ಗಿಡುಗವೊಂದು ತನ್ನ ಮೊಟ್ಟೆಗಳ ಮೇಲೆ ಕೂರಲಾರದೆ ಎದ್ದು ನಿಂತಿತ್ತು.

ಹಗ್ಗ ಹೊತ್ತು ಸಾಲಾಗಿ ನಿಂತವರಿಗೆ ಆಕೆ, "ಮಳಿಗಾಲ ಮುಗಿಯೋತನಕ ಯಾರೂ ಹತ್ತಂಗಿಲ್ಲ," ಎಂದಳು.

"ಭಾಳ ದೂರದಿಂದ ಬಂದೀನ್ರಿ ಅಕ್ಕಾರ," ಎಂದ ಮುಂದೆ ನಿಂತಿದ್ದವನು. "ನಾ ಒಬ್ಬಾಂವ ಹತ್ತಿದ್ರ ಏನಾಗತೈತಿ?"

ಕಸ್ತೂರೆವ್ವ ಒದ್ದೆ ಗೋಣಿತಟ್ಟನ್ನು ಬಿಚ್ಚುತ್ತಾ, ಬಂಡೆಯಲ್ಲಿ ಹಗ್ಗ ಕಟ್ಟಲು ಬಡಿದಿದ್ದ, ತುಕ್ಕು ಹಿಡಿದ ಮೊಳೆಯೊಂದನ್ನು ತೋರಿಸಿದಳು. ಅದರ ಸುತ್ತ ಕಲ್ಲು ಕೆಂಪಗೆ ಬಾತುಕೊಂಡಿತ್ತು.

"ಇಲ್ಲಿ ಮೊದಲನೇ ಮೊಳಿ ಬಡದಾಕಿ ನಾನಽ. ಅವತ್ತು ನಾನೂ ಹಿಂಗ ಅಂದಿದ್ದೆ, ತಮ್ಮಾ. ಹಿಡಿ, ಆ ತುದಿ ಎಳದು ಕಲ್ಲಿನ ಮ್ಯಾಲ ಹೊಚ್ಚು."