ಮುಳ್ಳುಹಂದಿ ಎಲ್ಲಿ ಹೋಯಿತು

ಒಂದಾನೊಂದು ಊರಿನಲ್ಲಿ ಗಿಟಾರನ್ನು ಗರಗಸದಂತೆ ಕಿರುಚಿಸುವ ಹುಡುಗನೊಬ್ಬನಿದ್ದ. ಅವನ ಹಾಡಿಗೆ ಕೊನೆಯಿರಲಿಲ್ಲ. ಊರು ಜಾಂಬಿಯಾದ ಕಿಟ್ವೆ, ತಾಮ್ರದ ಗಣಿಗೆ ಅಂಟಿಕೊಂಡದ್ದು. ಹುಡುಗ ಕಪೆಂಬ್ವ. ಹಾಡು, ಮುಳುಗಿದ ಸೂರ್ಯನನ್ನು ಹುಡುಕಿಕೊಂಡು ನೆಲದೊಳಗೆ ಇಳಿದ ಮುಳ್ಳುಹಂದಿಯದು. ಕತೆ ಅಜ್ಜಿಯದು. ಚಿಕ್ಕವನಿದ್ದಾಗ ಅವನು ಕೊನೆಗೆ ಮುಂಚೆಯೇ ನಿದ್ದೆ ಹೋಗುತ್ತಿದ್ದ. ಅಪ್ಪ ಗಣಿಗೆ ಇಳಿದವನು ಮೇಲೆ ಬಾರದೆ ಹೋದ ಮೇಲೆ, ಅವನು ಎಚ್ಚರವಾಗಿದ್ದರೂ ಅಜ್ಜಿ ಕತೆಯನ್ನು ಬಿಲದ ಬಾಯಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಉಳಿದದ್ದು ಮೀಸೆ ಬಂದ ಮೇಲೆ ಎಂದು ಮಾತು ಕೊಟ್ಟಿದ್ದಳು.

ಮೀಸೆ ಬಂತು, ಗಡ್ಡವೂ ಬಂತು. ಹಾಡಿನ ಕೊನೆಗೆ ಕತೆಯ ಕೊನೆ ಬೇಕೆಂದು ಅವನು ಅಜ್ಜಿಯನ್ನು ಸ್ಟುಡಿಯೋಗೆ ಕರೆದುಕೊಂಡು ಹೋದ. ಸಂಜೆಯಾದರೆ ಅಲ್ಲಿ ಬೀಗ. ಅಜ್ಜಿ ಬಾಗಿಲಲ್ಲೇ ನಿಂತು ಬಿಸಿಲು ನೋಡಿದಳು. ಹಗಲು ಕತೆ ಹೇಳಿದವರಿಗೂ ಕೇಳಿದವರಿಗೂ ತಲೆಯಲ್ಲಿ ಕೊಂಬು ಬರುತ್ತದೆ, ತಾನು ಹೇಳುವವಳಲ್ಲ ಎಂದಳು.

ರೆಕಾರ್ಡ್ ಮಾಡುವ ತೆಂಬೊ, ಒಳಗೆ ಕಿಟಕಿಯಿಲ್ಲ, ದೀಪ ಆರಿಸಿದರೆ ರಾತ್ರಿಯೇ ಎಂದ.

"ಇಲಿ ತಿನ್ನೋ ಕಡೆಯವನು, ನಿಂಗೆ ಹಗಲೂ ಬಿಲವೇ," ಎಂದಳು ಅಜ್ಜಿ. "ರೇಡಿಯೋದವ್ರು ಮಧ್ಯಾಹ್ನ ಹಾಕ್ತಾರಲ್ಲ, ಆಗ ಕೇಳೋ ಮಕ್ಕಳ ಗತಿ?"

ಕೋತಿ ತಿನ್ನುವವರಿಂದ ತಾನು ಬುದ್ಧಿ ಕಲಿಯಬೇಕಿಲ್ಲ ಎಂದ ತೆಂಬೊ. ಅವರಿಬ್ಬರ ಬುಡಕಟ್ಟಿನವರೂ ಅಜ್ಜ ಮುತ್ತಜ್ಜರ ಕಾಲದಿಂದ ಹೀಗೆ ಹಂಗಿಸಿಕೊಂಡೇ ನೆಂಟರಾದವರು. ಆದ್ದರಿಂದ ಇಬ್ಬರಿಗೂ ಸಮಾಧಾನವಾಯಿತು. ನಿನ್ನ ದನಿಯ ಟೇಪನ್ನು ಹಿಂದುಮುಂದಾಗಿ ತಿರುಗಿಸಿ ಹಾಡಿನ ಕೊನೆಗೆ ಸೇರಿಸುತ್ತೇನೆ, ಒಂದಕ್ಷರವೂ ಯಾರಿಗೂ ತಿಳಿಯುವುದಿಲ್ಲ ಎಂದ ತೆಂಬೊ. ಅಜ್ಜಿ ಯೋಚಿಸಿದಳು. ತಿಳಿಯದ ಕತೆ ಹೇಳಿದ ಹಾಗಲ್ಲ. ಬೇಕಾದವನು ಹೊತ್ತು ಮುಳುಗಿದ ಮೇಲೆ ಸರಿಯಾಗಿ ತಿರುಗಿಸಿ ಕೇಳಿಕೊಳ್ಳಲಿ.

"ಸರಿ. ನೀನು ಆಚೆ ನಡಿ, ನನ್ನ ಗಂಡ," ಎಂದಳು. ಮೊಮ್ಮಗನನ್ನು ಗಂಡ ಎನ್ನುವುದು ಅಲ್ಲಿ ಅಜ್ಜಿಯರ ಹಕ್ಕು.

"ನಂಗೆ ಹೇಳ್ತೀನಿ ಅಂದಿದ್ದೆ."

"ಪೆಟ್ಟಿಗೆಗೆ ಹೇಳ್ತೀನಿ. ಅದಕ್ಕೆ ಕಣ್ಣಿಲ್ಲ. ನಿಂಗಿರೋದು ನಿಮ್ಮಪ್ಪನ ಕಣ್ಣು."

ಅವನು ಹೊರಗೆ ಹೋದ. ತೆಂಬೊ ಗಾಜಿನಾಚೆ ಹೆಡ್‌ಫೋನ್ ತೆಗೆದಿಟ್ಟು, ದನಿಗೆ ತಕ್ಕಂತೆ ಯಂತ್ರದಲ್ಲಿ ಅಲ್ಲಾಡುವ ಮುಳ್ಳನ್ನು ಮಾತ್ರ ನೋಡುತ್ತ ಕುಳಿತ. ಕತೆ ಮುಗಿಯುವ ಹೊತ್ತಿಗೆ ಅಜ್ಜಿ ಬೆಂಚಿನ ಮೇಲೆ ಚೂರು ಕುಗ್ಗಿದ್ದಳು. ತಲೆ ಮುಟ್ಟಿ ನೋಡಿಕೊಂಡಳು, ಕೊಂಬು ಬಂದಿರಲಿಲ್ಲ.

ಹಾಡು ಊರೂರಿಗೆ ಹಬ್ಬಿತು. ಗಿಟಾರು ನಿಂತ ಮೇಲೆ ಬರುವ ಆ ಮುದಿ ದನಿಗೆ ಪ್ರತಿಯೊಬ್ಬರೂ ಅರ್ಥ ಹಚ್ಚಿದರು. ಚಂದ್ರಲೋಕದ ಭಾಷೆ ಎಂದರು ಹಿಪ್ಪಿ ಕೂದಲಿನವರು. ಸರ್ಕಾರಕ್ಕೆ ಎಚ್ಚರಿಕೆ ಎಂದರು ಕಾಲೇಜಿನವರು. ಗಾಂಜಾ ಎಂದರು ಪಾದ್ರಿ. ತನಗೆ ಗೊತ್ತಿಲ್ಲ ಎಂದು ಕಪೆಂಬ್ವ ಎಲ್ಲರಿಗೂ ನಿಜವನ್ನೇ ಹೇಳಿದ. ಎಂಥ ದೊಡ್ಡ ಕಲಾವಿದ ಎಂದು ಪತ್ರಿಕೆ ಬರೆಯಿತು. ಗ್ರಾಮಫೋನು ಮನೆಯಲ್ಲೇ ಇತ್ತು, ಹೊತ್ತೂ ದಿನಾ ಮುಳುಗುತ್ತಿತ್ತು. ತಿರುಗಿಸಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ಸಂಜೆ ಮುದ್ದೆ ಬಡಿಸುತ್ತ ಅಜ್ಜಿ, ಊರಿಗೆಲ್ಲ ಅರ್ಥ ಗೊತ್ತಾಯಿತು, ನಿನಗೊಬ್ಬನಿಗೇ ಬೇಡವೇನೋ ಎಂದಳು. ಅವನು ಎದ್ದು ಹೋಗಿ ಹಾಡಿನ ಕೊನೆಯ ಗೆರೆಗೆ ಸೂಜಿ ಇಟ್ಟ. ಬೆರಳಿನಿಂದ ರೆಕಾರ್ಡನ್ನು ಹಿಂದಕ್ಕೆ ತಿರುಗಿಸತೊಡಗಿದ. ಅಜ್ಜಿ ಗೋಡೆಯ ಕಡೆ ತಿರುಗಿ ಕುಳಿತಳು. ಕರಕರ ಸದ್ದಿನೊಳಗಿಂದ ಅವಳದೇ ದನಿ ಎದ್ದು ಬಂತು.

"ಮುಳ್ಳುಹಂದಿ ಮೇಲೆ ಬರಲಿಲ್ಲ, ಕಂದ. ಕೆಳಗೆ ಸೂರ್ಯ ಸುಸ್ತಾಗಿ ಬಿದ್ದಿದ್ದ. ಬೆಳಗಾದ್ರೆ ಅವನನ್ನ ಮೇಲಕ್ಕೆ ತಳ್ಳೋಕೆ ಯಾರಾದ್ರೂ ಬೇಕಲ್ಲ. ಅದು ಅಲ್ಲೇ ಉಳೀತು."

ಕಪೆಂಬ್ವನ ಬೆರಳು ನಿಲ್ಲಲಿಲ್ಲ.

"ಮುಗೀತು," ಎಂದಳು ಅಜ್ಜಿ ಗೋಡೆಗೆ. "ನಿನ್ನ ಗಲಾಟೆ ಶುರುವಾಗೋ ಮುಂಚೆ ಸೂಜಿ ಎತ್ತು."