ಹಿಡಿಯುವವಳು

"ಇವತ್ತಾದ್ರೂ ಹಾರ್ತೀಯೇನ ಟೀಚರ್?" ಎಂದು ಕೇಳಿದಳು ಮೈಮುನಾಬಿ.

"ಬ್ಯಾಡ ರೀ ಆಪಾ. ನನಗ ಹಾರೋದು ಬ್ಯಾಡ, ಹಿಡಿಯೋದು ಕಲಿಸ್ರಿ," ಎಂದಳು ಶೇಖರಮ್ಮ.

ಮೈಮುನಾಬಿ ನಕ್ಕುಬಿಟ್ಟಳು. ದುಡಿಯುತ್ತಿದ್ದ ಸರ್ಕಸ್ ಮುಚ್ಚಿದ ಮೇಲೆ ಅವಳು ತಮ್ಮ ಶಾವಲಿಯ ಜೊತೆ ಸಿಂಧನೂರಿಗೆ ಮರಳಿದ್ದಳು. ನಿಂತುಹೋದ ರೈಸ್‌ಮಿಲ್ಲೊಂದರ ಗೋದಾಮಿನ ತೊಲೆಗೆ ಜೋಕಾಲಿ ಕಟ್ಟಿ, ಭಾನುವಾರ ಬೆಳಗ್ಗೆ ದೊಡ್ಡವರಿಗೆ ಸರ್ಕಸ್ ಜೋಕಾಲಿ ಕಲಿಸುತ್ತಿದ್ದಳು. ಬರುವವರೆಲ್ಲ ಹಾರಲು ಬರುವವರೇ. ಹಾರಿದ್ದರ ಫೋಟೊ ಬೇಕು, ರೀಲ್ಸ್ ಬೇಕು. ಮೊಣಕಾಲಲ್ಲಿ ತಲೆಕೆಳಗಾಗಿ ನೇತಾಡಿ ಇನ್ನೊಬ್ಬರ ಭಾರ ಹಿಡಿಯುತ್ತೇನೆ ಅಂದವರು ಯಾರಿದ್ದಾರೆ ಹೇಳಿ! ಆದರೆ ಮಸ್ಕಿಯ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುವ ಈ ಪಿ.ಟಿ. ಟೀಚರು ಐದು ವಾರದಿಂದ ಮೊದಲ ಬಸ್ಸಿಗೆ ಬಂದು, ಒಂದು ಸಲವೂ ಹಾರದೆ, ನೇತಾಡುವುದನ್ನೇ ಹಠಕ್ಕೆ ಬಿದ್ದು ಕಲಿತಿದ್ದಳು.

"ಆತು, ಇವತ್ತು ನನ್ನ ತಮ್ಮನ್ನ ಹಿಡಿ. ಅರವತ್ತು ಕಿಲೋ ಅದಾನ. ಬೆರಳು ಹಿಡೀಬ್ಯಾಡ, ಜಾರ್ತಾವ. ನೀ ಅವನ ಮಣಿಕಟ್ಟು ಹಿಡಿ, ಅವ ನಿನ್ನ ಮಣಿಕಟ್ಟು ಹಿಡೀತಾನ."

ಶೇಖರಮ್ಮ ಜೋಕಾಲಿಯ ಕೋಲಿಗೆ ಮೊಣಕಾಲು ಸಿಕ್ಕಿಸಿ ಕೆಳಗೆ ತೂಗಿಬಿದ್ದಳು. ನೆಲದ ಮೇಲೆ ನೆಲ್ಲುಹುಲ್ಲು ತುಂಬಿದ ಚೀಲಗಳ ರಾಶಿ ಇತ್ತು. ಶಾವಲಿ ಸ್ಟೂಲಿನ ಮೇಲೆ ನಿಂತು ಅವಳ ಕೈಗೆ ಕೈ ಕೊಟ್ಟು, ಸ್ಟೂಲನ್ನು ಕಾಲಿನಿಂದ ಒದ್ದ. ಹಗ್ಗ ಕಿರುಗುಟ್ಟಿತು. ಅವಳ ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು. ಕೈ ಮಾತ್ರ ಸಡಿಲಲಿಲ್ಲ. ಮೈಮುನಾಬಿ ಸಾಕು ಅನ್ನುವವರೆಗೂ ಹಿಡಿದೇ ಇದ್ದಳು.

"ಶಾಬಾಸ್! ಗಂಡಸರ ಕೈಲೂ ಇಷ್ಟು ಲಗೂ ಆಗಿದ್ದಿಲ್ಲ ನೋಡು!"

ಶೇಖರಮ್ಮ ಕೆಳಗಿಳಿದವಳೇ ಚೀಲದ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮೈಮುನಾಬಿ ಗಾಬರಿಯಾದಳು.

"ಯಾಕ, ತೋಳು ಉಳುಕಿತೇನ?"

"ಇಲ್ರೀ. ಹಿಡಿದ್ನಲ್ಲ, ಅದಕ್ಕ. ನಾ ಕಲಿಯಾಕ ಬಂದಿದ್ದಿಲ್ರೀ ಆಪಾ. ನನ್ನ ಕೈಲೆ ಆಗಂಗಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಾಕ ಬಂದಿದ್ದೆ."

ಹೋದ ವರ್ಷ ತಮ್ಮೂರು ವಳಕಮದಿನ್ನಿಯ ಹೊಲದಲ್ಲಿ ನಾಟಿ ಮುಗಿಸಿ ಕಾಲು ತೊಳೆಯಲು ಕಾಲುವೆಗೆ ಇಳಿದ ಅವಳ ತಂಗಿ ಶಿವರಂಜನಿ ಪಾಚಿಗೆ ಜಾರಿದ್ದಳು. ಶೇಖರಮ್ಮ ದಂಡೆಯ ಸಿಮೆಂಟಿನ ಇಳಿಜಾರಿನ ಮೇಲೆ ಬೋರಲು ಬಿದ್ದು ತಂಗಿಯ ಕೈ ಹಿಡಿದಿದ್ದಳು. ಹಿಡಿದ ಕೈಯಿಂದಲೇ ತಂಗಿ ಹೋಗಿಬಿಟ್ಟಳು. ಆ ಸೆಳವಿಗೆ ಯಾರ ಕೈಲೂ ಆಗುತ್ತಿರಲಿಲ್ಲ ಎಂದು ಊರೆಲ್ಲ ಸಮಾಧಾನ ಹೇಳಿತು. ಅವ್ವ ಮಾತ್ರ ಏನೂ ಹೇಳಲಿಲ್ಲ. ಹಿರಿಮಗಳ ಗಟ್ಟಿ ತೋಳನ್ನು ಒಂದು ಸಲ ನೋಡಿದಳು, ಅಷ್ಟೇ.

"ಐವತ್ತು ಕಿಲೋ ಸೈತ ಇದ್ದಿಲ್ರೀ ಆಕಿ. ಇವತ್ತು ಅರವತ್ತು ಹಿಡೀತು ಈ ಕೈ. ಆಕೀನ್ನ ಯಾಕ ಹಿಡೀಲಿಲ್ಲ?"

ಮೈಮುನಾಬಿ ಅವಳ ಅಂಗೈ ತಿರುವಿ ನೋಡಿದಳು. "ಮಣಿಕಟ್ಟು ಹಿಡಿದಿದ್ದೇನ ಆಕೀದು?"

"ಇಲ್ರೀ. ಬೆರಳು."

"ಅಷ್ಟ ಮತ್ತ! ಏಳು ಬೇಟಾ. ಕೈ ಹಸಿ ಮಾಡ್ಕೊಂಡು ಬರೇ ಬೆರಳು ಹಿಡಿ, ನೋಡೂಣು. ನಿನ್ನ ತಪ್ಪಿಲ್ಲ ಅಂತ ನಾ ತೋರಸ್ತೀನಿ."

ಶೇಖರಮ್ಮ ಮತ್ತೆ ಮೇಲೇರಿ ತೂಗಿಬಿದ್ದಾಗ ಮೈಮುನಾಬಿ ತಂಬಿಗೆಯ ನೀರನ್ನು ಅವಳ ಅಂಗೈಗೆ ಸುರಿದಳು. ಆಮೇಲೆ ತಮ್ಮನ ಬೆವರು ಒರೆಸುವ ನೆಪದಲ್ಲಿ ಅವನ ಕಿವಿಗೆ ಬಾಗಿದಳು. "ಜಾರಿದಂಗ ಮಾಡಿ ಕೈ ಬಿಟ್ಬಿಡು. ಪಾಪ, ಆಕಿ ಜೀವಕ್ಕ ಸಮಾಧಾನ ಆಗ್ಲಿ." ಸರ್ಕಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಒಬ್ಬರ ಕೈಯನ್ನೊಬ್ಬರು ನಂಬಿ ಬದುಕಿದ ಅಕ್ಕ ತಮ್ಮ ಅವರು. ಬಿಡು ಅನ್ನುವ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. ತಪ್ಪೋ ಒಪ್ಪೋ, ಆ ಹೊತ್ತಿಗೆ ಅವಳಿಗೆ ತೋಚಿದ್ದು ಅದೊಂದೇ.

ಶಾವಲಿ ಬೆರಳಿಗೆ ಬೆರಳು ಕೊಟ್ಟು ಸ್ಟೂಲು ಒದ್ದ. ಸ್ವಲ್ಪ ಹೊತ್ತು ತೂಗಿದ. ನಂತರ ದೊಪ್ಪೆಂದು ಚೀಲದ ಮೇಲೆ ಬಿದ್ದ.

"ನೋಡಿದಿ? ಜಾರಿತು!" ಎಂದು ಮೈಮುನಾಬಿ ದೊಡ್ಡ ದನಿಯಲ್ಲಿ ಹೇಳಿದಳು. "ಹಸಿ ಬೆರಳು ಯಾರಪ್ಪನ ಕೈಯಾಗೂ ನಿಲ್ಲಂಗಿಲ್ಲ. ಇಳಿ ಇನ್ನ, ಚಾ ಕುಡಿಯೂಣು."

ಶೇಖರಮ್ಮ ಇಳಿಯಲಿಲ್ಲ. ಎರಡೂ ಕೈ ಕೆಳಗೆ ಚಾಚಿಕೊಂಡು ಹಾಗೆಯೇ ತೂಗುತ್ತಿದ್ದಳು. ಕಣ್ಣೀರು ಹಣೆಯ ಮೇಲೆ ಹರಿದು ಕೂದಲಿಗೆ ಇಳಿಯುತ್ತಿತ್ತು.

"ಜಾರಲಿಲ್ರೀ. ಅವ ಬಿಟ್ಟ."

ಶಾವಲಿ ತಲೆ ತಗ್ಗಿಸಿದ.

"ಬೆರಳು ಜಾರೋದು ಬ್ಯಾರೆ, ಬಿಚ್ಚೋದು ಬ್ಯಾರೆ. ಕೈಗೆ ತಿಳೀತದ್ರೀ ಆಪಾ," ಎಂದಳು ಶೇಖರಮ್ಮ. "ಅವತ್ತೂ ಆಕಿ ಬೆರಳು ಹಿಂಗ ಬಿಚ್ಚಿದ್ವು. ನಾನೂ ಜಾರಾಕತ್ತಿದ್ದೆ, ಗದ್ದದಮಟ ನೀರಿಗೆ ಬಂದಿದ್ದೆ. ಆಕಿ ಒಮ್ಮೆ ನನ್ನ ಮಕ ನೋಡಿದ್ಲು. ನನ್ನ ತಂಗಿ ನನ್ನ ಉಳಸಾಕ ತಾನ ಕೈ ಬಿಟ್ಟಾಳ್ರೀ. ಇದನ್ನ ನಮ್ಮವ್ವಗ ನಾ ಹೆಂಗ ಹೇಳ್ಲಿ?"