ಫರಾಜಾಳ ಅವ್ವ ಮನೆಯಲ್ಲಿಲ್ಲ

ಇನ್ನೊಬ್ಬರ ಮನೆಯ ಮಾತು ಇದು. ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಾಗಿಲಾಚೆ ಮತ್ತೆ ಯಾರೋ ಕೂಗಿದರು. "ಒಳಗೆ ಬರಬಹುದಾ? ಫರಾಜಾಳ ಅವ್ವ ಇದಾಳಾ?"

"ಇಲ್ಲ," ಎಂದಳು ಕಬುಲಾ.

ಹೊರಗೆ ನಗು ಎದ್ದಿತು. ಸರೋವರದ ದಂಡೆಯಲ್ಲಿ ಮೀನು ಒಣಗಿಸುವ ಹೆಂಗಸರು. ಕೂಸು ನೋಡಲು ಸಾಬೂನು, ಸಕ್ಕರೆ, ಹೂವಿನ ಅಂಚಿನ ಹೊಸ ಕಾಂಗಾ ಬಟ್ಟೆ ಹಿಡಿದು ಬಂದಿದ್ದರು.

"ಇಲ್ಲವಂತೆ ಕಣ್ರೇ! ಗಂಡನ ದೋಣಿ ಹತ್ತಿ ದ್ವೀಪಕ್ಕೆ ಹೋಗಿರ್ಬೇಕು!"

"ಬಾಣಂತಿ ಮಲಗ್ಲಿ ಬಿಡ್ರೇ. ನಾಳೆ ಬಂದ್ರಾಯ್ತು."

ತಂದದ್ದನ್ನು ಹೊಸ್ತಿಲಲ್ಲಿಟ್ಟು ಹೋದರು. ಬಂದವರೆಲ್ಲ ಕೂಸು ಫರಾಜಾಳನ್ನು ಕೇಳುತ್ತಿದ್ದರು, ಇಲ್ಲವೇ ಫರಾಜಾಳ ಅವ್ವನನ್ನು. ಕಬುಲಾಳನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ.

ಅವಳು ಸುಳ್ಳು ಹೇಳಿರಲಿಲ್ಲ. ಆ ಹೆಂಗಸನ್ನು ಅಂಗಳದಲ್ಲಿ ಹುಡುಕಿದ್ದಳು, ಅಡುಗೆಯ ಗುಡಿಸಲಲ್ಲಿ ಹುಡುಕಿದ್ದಳು. ಬಾಣಂತಿಗೆಂದು ಮಾಡಿದ ಬಾಳೆಕಾಯಿ ಸಾರು ಮುಚ್ಚಿಟ್ಟ ಬಟ್ಟಲಲ್ಲಿ ತಣ್ಣಗಾಗಿತ್ತು. ಹಸಿವಾಗಿದ್ದರೂ ಕಬುಲಾ ಅದನ್ನು ಮುಟ್ಟಲಿಲ್ಲ. ಇನ್ನೊಬ್ಬಳ ಪಾಲು.

ಚಾಪೆಯ ಮೇಲೆ ಮಗು ಅಳುತ್ತಿತ್ತು. ಮೊದಮೊದಲು ಮೇಕೆಮರಿಯಂತೆ ಅರಚುತ್ತಿದ್ದ ಕೂಸು. ಈಗ ಅದರ ಅಳು ದಾರದಷ್ಟು ಸಣ್ಣಗಾಗಿತ್ತು. ಕಬುಲಾ ಎತ್ತಿಕೊಂಡಳು. ಚಂದದ ಮಗು. ಅಯ್ಯೋ ಎನಿಸಿತು, ಬಸ್ಸಿನಲ್ಲಿ ಪಕ್ಕದ ಸೀಟಿನ ಮಗು ಅತ್ತರೆ ಅನಿಸುವಷ್ಟು. ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ನೀರು ಹೊತ್ತ ನೆನಪಿರಲಿಲ್ಲ.

ಅಂಗಳದಲ್ಲಿ ಜೋಳ ಕೇರುತ್ತಿದ್ದ ಮುದುಕಿ ಮಿಂಜಾ, ಆ ಮನೆಯ ಯಜಮಾನಿ, ದನಿ ಎತ್ತಿದಳು.

"ಫರಾಜಾಳ ಅವ್ವಾ! ಮಗು ಅಳೋದು ಊರಿಗೆಲ್ಲ ಕೇಳ್ತದೆ, ನಿಂಗೆ ಕೇಳಲ್ವೇನೇ? ಹಾಲು ಕುಡಿಸು! ನಾನೂ ಏಳು ಹೆತ್ತೆ, ಮೈಯ ನೋವು ಆರೋ ಮುಂಚೆ ಹೊಲಕ್ಕೆ ಹೋದೆ. ಈಗಿನ ರಾಣಿಯರಿಗೆ ಹೆತ್ತದ್ದೇ ದೊಡ್ಡ ದಣಿವು!"

ಕಬುಲಾ ಕಿವಿಗೊಟ್ಟು ಕಾದಳು. ಯಾರೂ ಓಗೊಡಲಿಲ್ಲ.

ಎಂಥ ಹೆಂಗಸು ಇವಳು? ಹಸುಗೂಸನ್ನು ಬಿಟ್ಟು ಹೋಗುವುದೆಂದರೇನು? ಕೂಸು ತನ್ನ ಕೈಯಲ್ಲೇ ಕಣ್ಣು ಮುಚ್ಚಿದರೆ? ಸಿಟ್ಟು ಬಂತು, ಅದರ ಹಿಂದೆಯೇ ಭಯ. ಮಗುವನ್ನು ಯಾರಿಗಾದರೂ ಒಪ್ಪಿಸಿ ತಾನು ಹೊರಟುಬಿಡಬೇಕು. ಎಲ್ಲಿಗೆ ಎಂದು ಕೇಳಿಕೊಳ್ಳಲಿಲ್ಲ. ಬಾಗಿಲಿನಿಂದ ಸರೋವರ ಕಾಣುತ್ತಿತ್ತು, ಆಚೆಯ ದಡ ಕಾಣುತ್ತಿರಲಿಲ್ಲ. ಅಲ್ಲಿ ನಡುನೀರಿನಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ.

ಮಧ್ಯಾಹ್ನ ಮಿಂಜಾ ತೂಕಡಿಸಿದಾಗ ಕಬುಲಾ ಮಗುವನ್ನು ಸುತ್ತಿಕೊಂಡು ದಂಡೆಗೆ ಇಳಿದಳು. ಅಲ್ಲಿ ನೆರೆಮನೆಯ ಮಿಲೆಂಬೆ ಮರಳಿನ ಮೇಲೆ ಸಣ್ಣಮೀನು ಹರವಿ ಕೂತು ಹಕ್ಕಿಗಳನ್ನು ಬೈಯುತ್ತಿದ್ದಳು. "ತೊಲಗ್ರೋ! ನಿಮ್ಮಪ್ಪ ಬಲೆ ಹಾಕಿದ್ನಾ?"

ಕಬುಲಾ ನೆರಳಿನಲ್ಲಿದ್ದ ಗೋಣಿಯ ಮೇಲೆ ಮಗುವನ್ನು ಮಲಗಿಸಿದಳು. "ಇದನ್ನ ಇಟ್ಕೊಳ್ಳಿ. ಇದರ ಅವ್ವ ಬಂದ್ರೆ ಕೊಟ್ಬಿಡಿ."

ತಿರುಗಿ ನೀರಿನ ಕಡೆಗೆ ನಡೆದಳು.

"ಕಬುಲಾ."

ನಿಂತಳು. ಯಾರಾದರೂ ತನ್ನನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತೋ.

ಮಿಲೆಂಬೆ ನಗಲಿಲ್ಲ. ಕೈಗಂಟಿದ ಮೀನಿನ ಹುರುಪೆ ಒರೆಸಿಕೊಂಡು ಎದ್ದು ಬಂದಳು. ಮೊದಲು ಹಿಡಿದದ್ದು ಮಗುವನ್ನಲ್ಲ, ಕಬುಲಾಳ ಮಣಿಕಟ್ಟನ್ನು.

"ಉಂಡ್ಯಾ?"

"ಮನೇಲಿರೋದು ಅವಳ ಪಾಲು."

"ಸರಿ. ಅವಳು ಯಾವಾಗಿಂದ ಬಂದಿಲ್ಲ?"

"ನಾನು ನೋಡೇ ಇಲ್ಲ ಅವಳನ್ನ. ಎಲ್ಲಾರೂ ಕರೀತಾರೆ, ಅವಳು ಬರಲ್ಲ. ಕೆಟ್ಟೋಳು ಅವಳು."

"ಕೆಟ್ಟೋಳಲ್ಲ ಕಣೇ." ಮಿಲೆಂಬೆಯ ಹಿಡಿತ ಬಿಗಿಯಾಯಿತು. "ಕೆಲವು ಸಲ ತಡ ಆಗ್ತದೆ. ನನ್ನ ಎರಡನೇ ಮಗನ ಅವ್ವನೂ ಹಿಂಗೇ ಬಂದಿರ್ಲಿಲ್ಲ. ಒಂದು ಮಳೆಗಾಲ ಪೂರ್ತಿ ಕಾದೆ."

"ಆಮೇಲೆ ಬಂದ್ಳಾ?"

"ಬಂದ್ಳು. ಒಬ್ಬಳೇ ಬರೋಕಾಗ್ಲಿಲ್ಲ, ಕೈಹಿಡಿದು ಕರ್ಕೊಂಡು ಬರೋರು ಬೇಕಾಯ್ತು. ನಡಿ."

ಮೀನನ್ನು ಹಕ್ಕಿಗಳಿಗೆ ಬಿಟ್ಟಳು. ಮಗುವನ್ನು ತನ್ನ ಬೆನ್ನಿಗೆ ಕಟ್ಟಿಕೊಂಡಳು. ಆರೋಗ್ಯ ಕೇಂದ್ರದವರೆಗೂ ಮಣಿಕಟ್ಟು ಬಿಡಲಿಲ್ಲ. ಅಲ್ಲಿ ಮಗುವನ್ನು ಬಿಚ್ಚಿ ಕೊಡಲೆಂದು ಬಿಟ್ಟಾಗ ಕಬುಲಾ ದೂರ ಸರಿದು ಜಗುಲಿಯ ಕಂಬಕ್ಕೆ ಒರಗಿ ನಿಂತಳು.

ನರ್ಸ್ ಕೂಸಿನ ಹೊಟ್ಟೆ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದಳು. "ಹಾಲೇ ಕಂಡಿಲ್ಲ ಇದು. ಇದರ ಅವ್ವ ಎಲ್ಲಮ್ಮಾ? ಮೊದಲು ಅವಳನ್ನ ಕರೀರಿ."

ಕಬುಲಾಳೂ ಕತ್ತು ಹೊರಳಿಸಿ ದಾರಿಯ ಕಡೆ ನೋಡಿದಳು.

ಮಿಲೆಂಬೆ ಹೋಗಿ ಅವಳ ಕೈಹಿಡಿದು ಕರೆತಂದು ನರ್ಸ್ ಎದುರು ನಿಲ್ಲಿಸಿದಳು. "ಇವಳೇ ಸಿಸ್ಟರ್, ಹೆತ್ತೋಳು. ಹೆಸರು ಕಬುಲಾ. ಮಗು ಹುಟ್ಟಿದ ಮೇಲೆ ಯಾರೂ ಇವಳನ್ನ ಹಂಗೆ ಕರೆದಿಲ್ಲ."

ಹೆತ್ತವಳು ತಾನೇ ಎಂಬ ಆ ಮಾತನ್ನು ಕಬುಲಾ ಯಾವತ್ತು ನಂಬಿದಳೋ, ನನಗೆ ಗೊತ್ತಿಲ್ಲ.